ಎಳೆ ಎಳೆಯಾಗುವ ಮಾಂಸ

ಕಳೆದ ಭಾನುವಾರ ಮಗಳು ಗುರುಗ್ರಾಮದ ಯಾವುದೋ ಹೋಟೆಲಿನಿಂದ ಬನ್ನು ತರಿಸಿ, ಪೊಟ್ಟಣ ಬಿಚ್ಚಿ ನನ್ನ ಮೂಗಿನ ಹತ್ತಿರ ಹಿಡಿದಳು. "ಪಪ್ಪಾ, ಸೂಂಘೋ ನಾ! ಪುಲ್ಡ್ ಪೋರ್ಕ್." ಎಳೆ ಎಳೆಯಾಗಿ ಬಿಡಿಸಿದ ಹಂದಿಮಾಂಸ. ಹುಳಿ, ಕಾಳುಮೆಣಸು, ನಿಧಾನವಾಗಿ ಬೆಂದ ಕೊಬ್ಬು. ನಾನು ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. ಸಸ್ಯಾಹಾರಿ ಮನೆಯಲ್ಲಿ ಹುಟ್ಟಿ ದೆಹಲಿಗೆ ಬಂದ ಮೇಲೆ ಕೆಟ್ಟವನು ನಾನು. ಮಾಂಸದ ವಾಸನೆ ನನಗೇನೂ ಹೊಸದಲ್ಲ.

ನನ್ನನ್ನು ಕೆಡಿಸಿದವರು ಪೊನ್ನಪ್ಪಣ್ಣ. ಕೊಡಗಿನವರು, ದೆಹಲಿ ಪಕ್ಕದ ಇಂದಿರಾಪುರಂನಲ್ಲಿ ನಮ್ಮ ಎದುರು ಬಾಗಿಲಿನವರು, ಓಖ್ಲಾದ ರಫ್ತು ಬಟ್ಟೆ ಕಾರ್ಖಾನೆಯಲ್ಲಿ ಮ್ಯಾನೇಜರ್. ಅಮೆರಿಕದ ಗಿರಾಕಿಯೊಬ್ಬ ಅವರಿಗೆ ಕರೆಂಟಿನಲ್ಲಿ ಸಣ್ಣಗೆ ಬೇಯಿಸುವ ಒಂದು ಸ್ಲೋ ಕುಕ್ಕರ್ ಕೊಟ್ಟು, ಈ ಅಡುಗೆಯನ್ನೂ ಹೇಳಿಕೊಟ್ಟಿದ್ದ. ಪ್ರೆಷರ್ ಕುಕ್ಕರಿನ ಸೀಟಿ ಕೇಳಿ ಬೆಳೆದ ನನಗೆ, ಹಗಲಿಡೀ ಸದ್ದಿಲ್ಲದೆ ಬೇಯಿಸುವ ಆ ಪಾತ್ರೆ ಶುದ್ಧ ಸೋಮಾರಿಯಂತೆ ಕಂಡಿತ್ತು. ಆದರೆ ನೋಡಿ, ಸಂಜೆ ಮುಚ್ಚಳ ತೆಗೆದು ಎರಡು ಫೋರ್ಕಿನಲ್ಲಿ ಎಳೆದರೆ ಮಾಂಸ ಹತ್ತಿಯಂತೆ ಬಿಡಿಸಿಕೊಳ್ಳುತ್ತಿತ್ತು. ಅಮೆರಿಕದವನ ಸಿಹಿ ಸಾಸ್ ಅವರಿಗೆ ಹಿಡಿಸಲಿಲ್ಲ. ಊರಿನ ಕಪ್ಪು ಹುಳಿ, ಕಾಚಂಪುಳಿಯನ್ನೇ ಹಾಕುತ್ತಿದ್ದರು. "ಇದು ಹಲ್ಲಿಲ್ಲದವರ ಪಂದಿ ಕರಿ, ಮಾರಾಯ," ಎಂದು ನಗುತ್ತಿದ್ದರು.

ಆ ತಮಾಷೆ ಒಂದು ಬೇಸಿಗೆಯಲ್ಲಿ ಅವರ ಬುಡಕ್ಕೇ ಬಂತು. ನಾಲಿಗೆಯ ಅಂಚಿನ ಹುಣ್ಣು ಕ್ಯಾನ್ಸರ್ ಎಂದು ಗೊತ್ತಾಯಿತು. ಬಾಯಿ ಸರಿಯಾಗಿ ತೆರೆಯದು, ಅಗಿಯಲಾಗದು. ನಾಲಿಗೆಯ ಹೆಚ್ಚಿನ ಭಾಗ ತೆಗೆಯಬೇಕು, ಆಮೇಲೆ ರುಚಿಯ ಆಸೆ ಬೇಡ ಎಂದರು ಡಾಕ್ಟರು.

ಆಪರೇಷನ್ನಿನ ಹಿಂದಿನ ದಿನ ಕೊನೆಯ ತಪಾಸಣೆಗೆ ಆಸ್ಪತ್ರೆಗೆ ಗಂಡ ಹೆಂಡತಿಯ ಜೊತೆ ನಾನೂ ಹೊರಟೆ. ಹೊರಡುವ ಮೊದಲು ಪೊನ್ನಪ್ಪಣ್ಣ ತಾವೇ ಮಾಂಸಕ್ಕೆ ಮಸಾಲೆ ಹಚ್ಚಿ ಕುಕ್ಕರಿನಲ್ಲಿಟ್ಟರು.

"ಕರೆಂಟ್ ಹೋದ್ರೆ?" ಎಂದರು ಅವರ ಹೆಂಡತಿ ಸೀತಕ್ಕ.

"ಸೊಸೈಟಿ ಜನರೇಟರ್ ಇದೆಯಲ್ಲ. ಸಂಜೆ ಬಂದು ತಿಂತೇನೆ. ಇದೊಂದು ಸಲ."

ಅಪಾರ್ಟ್‌ಮೆಂಟಿನ ಆ ಜನರೇಟರಿನಲ್ಲಿ ಫ್ಯಾನು, ದೀಪ ಬಿಟ್ಟರೆ ಏನೂ ನಡೆಯದೆಂದು ಅಲ್ಲಿದ್ದ ನಮಗೆಲ್ಲ ಗೊತ್ತು. ಆದರೆ ಆ ಸಣ್ಣ ಪಾತ್ರೆಯೂ ಗೀಸರಿನ ಜಾತಿಯದೇ, ಅದರಲ್ಲಿ ನಡೆಯದು ಎಂದು ಯಾರಿಗೂ ಹೊಳೆಯಲಿಲ್ಲ.

ಸಂಜೆ ಗೇಟಿನ ಕಾವಲುಗಾರ ಹೇಳಿದ: "ಸಾಬ್, ಲೈಟ್ ದಿನ್‌ಭರ್ ನಹೀಂ ಥೀ. ಅಭೀ ಆಯೀ ಹೈ." ಹಗಲಿಡೀ ಕರೆಂಟ್ ಇರಲಿಲ್ಲವಂತೆ, ಆಗಷ್ಟೇ ಬಂದಿತ್ತಂತೆ. ಪೊನ್ನಪ್ಪಣ್ಣ ಚಪ್ಪಲಿ ಕಳಚದೆ ಅಡುಗೆಮನೆಗೆ ಹೋದರು. ಮಾಂಸ ಅರೆಬೆಂದು ನಿಂತಿತ್ತು, ಉಗುರು ಬೆಚ್ಚಗೆ.

"ಕೆಟ್ಟ ವಾಸನೆ ಇಲ್ಲ. ಕುದಿಸು ಮತ್ತೆ."

"ಈ ಸೆಕೆಯಲ್ಲಿ ಹಗಲೆಲ್ಲ ಕೂತದ್ದು, ರೀ. ಹೊಟ್ಟೆ ಕೆಟ್ಟರೆ ನಾಳೆ ಆಪರೇಷನ್ ಮಾಡ್ತಾರಾ?"

ಬೇರೆ ಮಾಂಸ ತಂದು ಬೇಯಿಸುವಷ್ಟು ಹೊತ್ತಿರಲಿಲ್ಲ. ಆಪರೇಷನ್ನಿಗೆ ಮೊದಲು ಏನೂ ತಿನ್ನಬಾರದ ಗಳಿಗೆ ಹತ್ತಿರ ಬಂದಿತ್ತು. ಪೊನ್ನಪ್ಪಣ್ಣ ನನ್ನ ಮುಖ ನೋಡಿದರು. "ಅಕ್ಕ ಹೇಳೋದು ಸರಿ," ಎಂದೆ. ಸರಿಯೇ ಆಗಿತ್ತು, ಇಂದಿಗೂ ಹಾಗೇ ಹೇಳುತ್ತೇನೆ. ಸೀತಕ್ಕ ಎಲ್ಲವನ್ನೂ ಚೀಲಕ್ಕೆ ಸುರಿದು ಬಾಯಿ ಕಟ್ಟಿದರು. ಪೊನ್ನಪ್ಪಣ್ಣ ರವೆ ಗಂಜಿ ಕುಡಿದರು, ಬೆನ್ನು ನಮ್ಮ ಕಡೆಗಿತ್ತು.

ಪೊನ್ನಪ್ಪಣ್ಣ ಬದುಕಿದರು. ಈಗ ಊರಿನಲ್ಲಿದ್ದಾರೆ. ಅವರ ಮಾತು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕು. ಕಳೆದ ಭಾನುವಾರ ಫೋನ್ ಮಾಡಿ, ಇಷ್ಟು ವರ್ಷಗಳಲ್ಲಿ ಮೊದಲ ಸಲ ಆ ದಿನದ ಮಾತೆತ್ತಿದೆ.

"ಬಿಸಾಡಿದ್ದು ಸರಿಯೇ," ಎಂದರು. "ಆದ್ರೆ ಒಂದು ಎಳೆ ಕುದಿಸಿ ನನ್ನ ನಾಲಿಗೆ ಮೇಲೆ ಇಟ್ಟು, ಆಮೇಲೆ ಉಗಿಸಬಹುದಿತ್ತಲ್ಲ, ಮಾರಾಯ. ನನಗೂ ಹೊಳೆದದ್ದು ನಾಲಿಗೆ ಹೋದ ಮೇಲೆ."

"ಅಕ್ಕನಿಗೆ ಇದನ್ನ ಹೇಳಿದ್ದೀರಾ?" ಎಂದೆ.

"ಇಲ್ಲ. ನೀನೂ ಹೇಳಬೇಡ."

ಹೇಳುವುದಿಲ್ಲ ಎಂದೆ. ಅಷ್ಟರಲ್ಲಿ ಹಿಂದಿನಿಂದ ಸೀತಕ್ಕನ ದನಿ ಕೇಳಿಸಿತು: "ಯಾರು, ದೆಹಲಿಯವನಾ? ಊಟ ಆಯ್ತಾ ಅಂತ ಕೇಳಿ."

ಆಯಿತು ಎಂದೆ.