ಹಬ್ಬಕ್ಕೂ ಸುಟಿ ಇಲ್ಲದ ಗೋಡೆ

ನಾನು ಲಂಗ ಎತ್ತಿ ಕಟ್ಟಿ ಖೋಖೋ ಆಡುತ್ತಿದ್ದ ಆ ದಿನಗಳಲ್ಲಿ, ತುಕ್ಕಾನಟ್ಟಿಯ ನಮ್ಮ ಓಣಿಯಲ್ಲಿ ಜ್ವರಕ್ಕೂ ಪಾಳಿ ಇತ್ತು. ಮಳೆ ನಿಂತು ಕಾಲುವೆ ಬದಿಯ ತಗ್ಗುಗಳಲ್ಲಿ ನೀರು ಉಳಿಯಿತೆಂದರೆ ಮನೆಮನೆಗೂ ಚಳಿಜ್ವರ. ಅದು ದಿನ ಬಿಟ್ಟು ದಿನ ಬರುತ್ತಿತ್ತು. ಹಾಗಾಗಿ ಆಟಕ್ಕೆ ಮುಂಚೆ "ಇವತ್ತ ಯಾರ್ಯಾರ ನಡಗವ್ರದೀರಿ?" ಎಂದು ಕೇಳಿ, ಉಳಿದವರಲ್ಲಿ ತಂಡ ಕಟ್ಟುತ್ತಿದ್ದೆವು.

ನನ್ನ ತಮ್ಮ ಬಸು ಓಟದಲ್ಲಿ ಯಾರ ಕೈಗೂ ಸಿಗದವನು. ಆ ವರ್ಷ ಅವನು ಜ್ವರ ಬಿಟ್ಟ ದಿನವೂ ಏಳಲಿಲ್ಲ. ಮನೆಯ ಕೌದಿಗಳನ್ನೆಲ್ಲ ಹೊದಿಸಿದರೂ ಹಲ್ಲು ಕಟಕಟ. ಕಹಿ ಗುಳಿಗೆಯನ್ನು ಬೆಲ್ಲದಲ್ಲಿ ಮುಚ್ಚಿ ಕೊಟ್ಟರೆ ಬೆಲ್ಲ ನುಂಗಿ ಗುಳಿಗೆ ಉಗುಳುತ್ತಿದ್ದ ಕಿಲಾಡಿ, ಈಗ ಎರಡನ್ನೂ ಸುಮ್ಮನೆ ನುಂಗುತ್ತಿದ್ದ. ಅದನ್ನು ನೋಡಿ ಅವ್ವ ಹೆದರಿದಳು.

ಮಹಾನವಮಿ ಹತ್ತಿರ ಬಂದಾಗ ಮಲೇರಿಯಾ ಮದ್ದು ಹೊಡೆಯುವವನು ಪಂಪು ಹೊತ್ತು ಬಂದ. ಸಾಮಾನೆಲ್ಲ ಅಂಗಳಕ್ಕೆ ಬಿತ್ತು. ಆಯಿ, ಅಂದರೆ ಅಪ್ಪನ ಅವ್ವ, ಗಡಿಗೆಗಳ ಹಿಂದೆ ಬಚ್ಚಿಟ್ಟಿದ್ದ ಕರದಂಟಿನ ಡಬ್ಬಿಯೂ ಬಯಲಾಯಿತು. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತ ಕುಳಿತಳು.

ಮದ್ದಿನವನು ಒಳಗೋಡೆ ನೋಡಿ ಕೇಳಿದ: "ಆಯಿ, ಹ್ವಾದ ವರ್ಷ ಹೊಡದ ಮದ್ದ ಎಲ್ಲೈತಿ? ಗ್ವಾಡಿ ಮ್ಯಾಲ ಗುರ್ತನ ಇಲ್ಲ."

"ಹಬ್ಬಕ್ಕ ಸಾರಿಸಿದ್ವಿ. ನಾತಾ ಹೊಡಿಯೂ ಮನ್ಯಾಗ ಹೋಳಗಿ ಉಣ್ಣಬೇಕೇನಪಾ?"

"ಕಚ್ಚಿದ ಸೊಳ್ಳಿ ಗ್ವಾಡಿಗೆ ಹೋಗಿ ಕುಂದರತೈತಿ. ಕುಂತಲ್ಲೇ ಸಾಯ್ಲಿ ಅಂತ ಈ ಮದ್ದ. ನೀವು ಅದರ ಮ್ಯಾಲ ಸೆಗಣಿ ಬಳದ್ರ, ಸೊಳ್ಳಿಗೆ ಹಾಸಗಿ ಹಾಸಿ ಕೊಟ್ಟಂಗ."

ಬಾಗಿಲ ಹಿಂದೆ ನಿಂತಿದ್ದ ಅವ್ವ ಇದನ್ನೆಲ್ಲ ಕೇಳಿಸಿಕೊಂಡಳು.

ಹಬ್ಬದ ಸಾರಣೆಯ ದಿನ ಆಯಿ ಸೆಗಣಿ, ಕೆಮ್ಮಣ್ಣು ಕಲಸಿಟ್ಟಳು. ಅವ್ವ ನೆಲ ಸಾರಿಸಿದಳು, ಕಟ್ಟೆ ಸಾರಿಸಿದಳು, ಹೊರಗೋಡೆಗೆ ಕೆಮ್ಮಣ್ಣು ಬಳಿದಳು. ಒಳಗೋಡೆಯ ಹತ್ತಿರ ಬಂದವಳೇ ಕೈ ತೊಳೆದುಕೊಂಡಳು.

"ಗ್ವಾಡಿ ಯಾರ ಸಾರಸ್ತಾರ?"

"ಒಲ್ಲೆ ಅತ್ತಿ."

ನಮ್ಮ ಮನೆಯಲ್ಲಿ ಆಯಿಗೆ ಯಾರೂ ಒಲ್ಲೆ ಅಂದದ್ದನ್ನು ನಾನು ಕೇಳಿರಲಿಲ್ಲ. ಬಸು ಕೂಡ ಕೌದಿಯಿಂದ ತಲೆ ಹೊರಗೆ ಹಾಕಿದ.

"ಮಂದಿ ಏನಂದಾರು?"

"ಅನ್ಲಿ. ಮಂದಿ ಅಂದದ್ದ ಕೇಳತೇನಿ. ಈ ಹುಡುಗ ನಡಗೂದ ನೋಡಾಕ ಆಗವಲ್ದು."

ಆಯಿ ಹಬ್ಬದವರೆಗೂ ಅವ್ವನೊಡನೆ ಮಾತು ಬಿಟ್ಟಳು. ಹೇಳಬೇಕಾದದ್ದನ್ನೆಲ್ಲ ಎಮ್ಮೆಗೆ ಹೇಳುತ್ತಿದ್ದಳು.

ಬನ್ನಿ ಕೊಡಲು ಓಣಿಯ ಹೆಂಗಸರು ಬಂದರು. ಅಷ್ಟೊತ್ತಿಗೆ ಗುಳಿಗೆಗಳ ದಯದಿಂದ ಬಸು ಎದ್ದು, ಅದೇ ಗೋಡೆಗೆ ಒರಗಿ ಹೋಳಿಗೆ ಕೇಳುತ್ತಿದ್ದ. ಬಾಜೂ ಮನೆಯ ಗಂಗವ್ವ ಗೋಡೆಯ ಮೇಲಿನ ಮದ್ದಿನ ಬಿಳಿ ಕಲೆಗಳನ್ನು ಮೇಲಿಂದ ಕೆಳಗೆ ನೋಡಿದಳು.

"ಯಾಕ ಶಾಂತವ್ವ, ಈ ಸಲ ಕೈ ನೊಂದಿದ್ವೇನ?"

ಅವ್ವ ಬನ್ನಿ ಕೊಡುತ್ತಲೇ ಅಂದಳು: "ನಮ್ಮ ಗ್ವಾಡಿ ಕೆಲಸಕ್ಕ ಹತ್ಯಾವ್ರಿ ಅಕ್ಕಾರ. ಹಬ್ಬ ಅಂತ ಸುಟಿ ಕೊಡಾಕ ಬರಂಗಿಲ್ಲ."

ಮೊದಲು ನಕ್ಕವಳು ಆಯಿ. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ಹೊಟ್ಟೆ ಕುಣಿಯುತ್ತಿತ್ತು. ಆಮೇಲೆ ಎದ್ದು ಹೋಗಿ ಕರದಂಟಿನ ಡಬ್ಬಿ ತಂದು, ಎಲ್ಲರೆದುರು ತೆರೆದು, ಮೊದಲ ತುಣುಕನ್ನು ಅವ್ವನ ಕೈಯಲ್ಲಿಟ್ಟಳು. ಗಂಗವ್ವನಿಗೆ ಸಿಕ್ಕಿದ್ದು ಕೊನೆಯದು.

ಆ ಚಳಿಗಾಲ ಜ್ವರ ನಮ್ಮ ಮನೆಗೆ ತಿರುಗಿ ಬರಲಿಲ್ಲ. ಮುಂದಿನ ವರ್ಷ ಗಂಗವ್ವನ ಗೋಡೆಗೂ ಸುಟಿ ಸಿಗಲಿಲ್ಲ.

ಈಗ ಅವ್ವ ಇಲ್ಲ, ಆಯಿ ಇಲ್ಲ. ಸೆಗಣಿ, ಕೆಮ್ಮಣ್ಣು, ಮದ್ದು ಮೂರೂ ಬೆರೆತ ಆ ನಾತವೂ ಇಲ್ಲ. ನೀರಿನ ಬ್ಯಾರಲ್‌ನಲ್ಲಿ ಸೊಳ್ಳೆಮರಿ ಇವೆಯೇ ಎಂದು ನೋಡಲು ಆರೋಗ್ಯ ಇಲಾಖೆಯವರು ಬಂದರೆ ಬಾಗಿಲಲ್ಲೇ "ಎಲ್ಲಾ ಸ್ವಚ್ಛ ಐತ್ರಿ" ಅಂದು ಕಳಿಸುತ್ತೇವೆ. ಅವ್ವನಾದರೆ ಒಳಗೆ ಕರೆದು, ಕುಂದರಿಸಿ, ಪೂರ್ತಿ ಕೇಳುತ್ತಿದ್ದಳು.

ಮೊನ್ನೆ ಬಸು ಬಂದಿದ್ದ. ಈಗ ಅವನೂ ಅಜ್ಜ. ನನ್ನ ಮಗ ಹೊಸದಾಗಿ ಬಣ್ಣ ಹೊಡೆಸಿದ ಗೋಡೆಯ ಮೇಲೆ ಕೈಯಾಡಿಸಿದ. ಮೊಣಕೈ ಮೇಲೆ ಕುಳಿತ ಸೊಳ್ಳೆಯನ್ನು ಪಟ್ಟೆಂದು ಹೊಡೆದು ಹೇಳಿದ:

"ಅಕ್ಕಾ, ಗ್ವಾಡಿ ಭಾಳ ಚಂದ ಅದಾವ. ಆದ್ರ ಎಲ್ಲಾ ಸುಟಿ ಮ್ಯಾಲ ಅದಾವ."