ನೋಟ್ಸು ಕೊಟ್ಟವರು

ಮುಂಬಯಿಯ ಲೋಕಲ್ ಟ್ರೇನಿನಲ್ಲಿ ಪಕ್ಕದವನ ಪತ್ರಿಕೆಯನ್ನು ಓರೆಗಣ್ಣಿನಿಂದ ಓದುವ ಸುಖ ಈಗ ಉಳಿದಿಲ್ಲ. ಎಲ್ಲರ ಕೈಯಲ್ಲೂ ಮೊಬೈಲು. ಅದರೊಳಗೆ ಇಣುಕಿದರೆ ಅಸಭ್ಯತೆ. ಚೆಂಬೂರಿನ ಮನೆಯಿಂದ ಕಾಲೇಜಿಗೆ ಓಡಾಡಿದ ಇಪ್ಪತ್ತೈದು ವರ್ಷಗಳಲ್ಲಿ ನಾನು ಸಂಪಾದಿಸಿದ ಲೋಕಜ್ಞಾನದ ಬಹುಪಾಲು ಅಪರಿಚಿತರ ಹೆಗಲ ಮೇಲಿನಿಂದ ಬಂದದ್ದು. ಇಂಥ ಪರಾವಲಂಬಿಯನ್ನೇ ಹುಡುಕಿ, ಕೃತಿಚೌರ್ಯ ತಡೆಯುವ ನಿಯಮಗಳನ್ನು ಸುಧಾರಿಸುವ ಸಮಿತಿಗೆ ಸದಸ್ಯನನ್ನಾಗಿ ಮಾಡಿದರೆಂದರೆ ನೀವು ನಗಬಹುದು. ನಾನೂ ನಕ್ಕೆ, ಆಮೇಲೆ ಸಹಿ ಹಾಕಿದೆ.

ಸಮಿತಿಯ ಬಳಿ ಒಂದು ಸಾಫ್ಟ್‌ವೇರ್ ಇದೆ. ಪ್ರಬಂಧವನ್ನು ಅದಕ್ಕೆ ಉಣಿಸಿದರೆ, ಮೊದಲೇ ಬೇರೆಡೆ ಇರುವ ಸಾಲುಗಳಿಗೆಲ್ಲ ಕೆಂಪು ಬಳಿದು ಕೊಡುತ್ತದೆ. ಈ ವರ್ಷ ಅದು ಕನ್ನಡವನ್ನೂ ಓದಲು ಕಲಿಯಿತು. ಓದಿದ ಮೊದಲ ಕನ್ನಡ ಪ್ರಬಂಧ ನನ್ನ ಎಂ.ಎ. ವಿದ್ಯಾರ್ಥಿನಿ ಸವಿತಾಳದು, ವಿಷಯ, ಹೆಂಗಸರು ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಪದಗಳು. ಮೊದಲ ಪುಟದಿಂದ ಕಡೆಯ ಪುಟದವರೆಗೂ ಕೆಂಪು. ಕೆಲವು ವರ್ಷಗಳ ಹಿಂದೆ ಮತ್ತೊಬ್ಬ ವಿದ್ಯಾರ್ಥಿ ಒಪ್ಪಿಸಿ, ಕಾಲೇಜಿನ ಸಂಗ್ರಹದಲ್ಲಿದ್ದ ಪ್ರಬಂಧವೂ ಅಕ್ಷರಶಃ ಹೀಗೆಯೇ ಇತ್ತು. ನಿಯಮದ ಪ್ರಕಾರ ಅವಳ ಇಡೀ ವರ್ಷ ರದ್ದಾಗಬೇಕು.

ಸವಿತಾಳ ತಂದೆ ವಿಜಯಪುರದ ಕಡೆಯಿಂದ ಬಂದು ಮಲಾಡಿನಲ್ಲಿ ಗಾರೆ ಕೆಲಸ ಮಾಡುವವರು. ಅವಳು ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು, “ಕದ್ದಿಲ್ರೀ ಸರ. ನೀವು ಹೇಳಿ ಬರಸಿದ್ದನ್ನ ಬರದೀನಿ. ವರ್ಷ ಹೋತಂದ್ರ ಅಪ್ಪ ಓದು ಬಿಡಸಿ ಲಗ್ನ ಮಾಡ್ತಾರ್ರೀ” ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸರದಿ ನನ್ನದಾಯಿತು. ನಮ್ಮ ಕನ್ನಡ ತರಗತಿಗಳಲ್ಲಿ ನೋಟ್ಸು ಹೇಳಿ ಬರೆಸುವುದು ಹಳೆಯ ಸಂಪ್ರದಾಯ. ದುಡಿದು ದಣಿದು ಬರುವ ಮಕ್ಕಳು, ಕನ್ನಡ ಪುಸ್ತಕ ಸುಲಭಕ್ಕೆ ಸಿಗದ ಊರು. ಹಾಗಾಗಿ ಗುರು ಹೇಳಿದ್ದನ್ನು ಶಿಷ್ಯ ಬರೆದುಕೊಂಡು, ಪರೀಕ್ಷೆಯಲ್ಲಿ ಅಲ್ಪವಿರಾಮ ಸಮೇತ ಗುರುವಿಗೇ ಹಿಂದಿರುಗಿಸಿದರೆ ಅದೇ ವಿದ್ಯೆ, ಅದೇ ವಿನಯ. ಒಂದು ಶಬ್ದ ಬದಲಿಸಿದವರಿಗೆ ನಾನೇ ಅಂಕ ಕಳೆದದ್ದುಂಟು. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಆ ನೋಟ್ಸು ನನ್ನದೂ ಅಲ್ಲ. ನನಗೆ ಕಲಿಸಿದ ಶಾಂತಾರಾಮ ರಾಯರು ಬರೆಸಿದ್ದನ್ನೇ ನಾನು ಇಷ್ಟು ವರ್ಷ, ಅವರ ಹೆಸರು ಎತ್ತದೆ, ಗಂಭೀರವಾಗಿ ಕೆಮ್ಮಿ ಬರೆಸುತ್ತ ಬಂದಿದ್ದೆ.

ಸಮಿತಿಯ ಸಭೆಯಲ್ಲಿ ಇದನ್ನೆಲ್ಲ ಹೇಳಿದೆ. ಅಧ್ಯಕ್ಷೆಯಾಗಿದ್ದ ಮರಾಠಿ ಪ್ರಾಧ್ಯಾಪಕಿ ಕನ್ನಡಕ ತೆಗೆದು, “ತೋ ಸರ್, ಚೋರ್ ಕೌನ್?”, ಹಾಗಾದರೆ ಕಳ್ಳ ಯಾರು, ಎಂದರು. ಬೇಲಿಯೇ ಎದ್ದು ಹೊಲ ಮೇಯ್ದಿರುವಾಗ ಕರುವಿಗೆ ಹೊಡೆಯುವುದೇಕೆ ಎಂದು ನಾನು ಹಿಂದಿಯಲ್ಲಿ ತೊದಲಿದೆ. ಹೊಸ ನಿಯಮಕ್ಕೆ ಎರಡು ಸಾಲು ಸೇರಿದವು: ಬರೆಸುವ ಮೇಷ್ಟರು ತಮ್ಮ ಮೂಲವನ್ನು ತಾವು ಮೊದಲು ಹೇಳಬೇಕು, ಮೊದಲ ಸಲ ಎಡವಿದ ವಿದ್ಯಾರ್ಥಿಗೆ ಮತ್ತೆ ಬರೆಯುವ ಅವಕಾಶ ಕೊಡಬೇಕು. ಸವಿತಾಳಿಗೆ ಒಂದು ತಿಂಗಳೂ, ನನ್ನ ಬಾಯಿಂದ ರಾಯರ ಹೆಸರೂ ಸಿಕ್ಕಿದವು.

ಅವಳ ಹೊಸ ಪ್ರಬಂಧ ಮೊನ್ನೆ ಬಂತು. ವಾಕ್ಯಗಳು ಅಲ್ಲಲ್ಲಿ ಮುಗ್ಗರಿಸುತ್ತವೆ. ಮೂರನೆಯ ಪುಟದಲ್ಲಿ ಹೀಗಿದೆ: ‘ಬೀಸುವ ಪದಗಳ ಸ್ಥಾಯೀಭಾವ ದುಃಖ ಎಂದು ಶಾಂತಾರಾಮ ರಾಯರು ಹೇಳಿದ್ದಾರೆ, ನಮ್ಮ ಸರ್ ಬರೆಸಿದ್ದಾರೆ. ನಾನು ಒಪ್ಪುವುದಿಲ್ಲ. ನನ್ನ ಅಜ್ಜಿ ಬೀಸುವಾಗ ನಗುತ್ತಿದ್ದಳು. ಅತ್ತೆಯನ್ನು ಬೈಯಲು ಅವಳಿಗೆ ಇದ್ದ ಜಾಗ ಅದೊಂದೇ.’

ರಾಯರು ಬದುಕಿದ್ದರೆ ಆ ಹಾಳೆಗಳನ್ನು ಹಿಡಿದು ಘಾಟ್ಕೋಪರಿನ ಅವರ ಮನೆಗೆ ಆಗಲೇ ಹೊರಟುಬಿಡುತ್ತಿದ್ದೆ. ಅವರು ತೀರಿಕೊಂಡು ಬಹಳ ಕಾಲವಾಯಿತು. ಒಮ್ಮೆಯೂ ಅವರೊಡನೆ ವಾದಿಸದ ಶಿಷ್ಯ ನಾನು, ಈಗ ಒಂದೇ ಒಂದು ಜಗಳಕ್ಕಾಗಿ ಹಂಬಲಿಸುತ್ತೇನೆ. ಆ ಸಂಜೆ ಅವರು ಬರೆಸಿದ ನೋಟ್ಸಿನ ನನ್ನ ಹಳೆಯ ಪುಸ್ತಕವನ್ನು ಹುಡುಕಿ ತೆಗೆದೆ. ಬೀಸುವ ಪದಗಳ ಪಾಠ ಮುಗಿದಲ್ಲಿ, ನನ್ನದೇ ದುಂಡಗಿನ ಅಕ್ಷರದಲ್ಲಿ, ಅವರು ಅಂದು ನನ್ನತ್ತ ತಿರುಗಿ ಕೇಳಿದ್ದ ಮಾತಿತ್ತು: ‘ನಿನಗೆ ಏನನಿಸ್ತದೆ ಮಾರಾಯಾ?’

ನಾನು ಅದನ್ನೂ ಬರೆದುಕೊಂಡಿದ್ದೆ.