ಹುಳ ಹಣ್ಣಾದಾಗ ಜಾಮೀನಿಗೆ ಹೋದದ್ದು

ಗೌರಿಬಿದನೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ಸ್ಕೂಟರಿನಿಂದ ಬಿದ್ದು ನಿಮ್ಮಮ್ಮನ ಬಲಗೈಗೆ ಪ್ಲಾಸ್ಟರ್ ಹಾಕಿದ್ದರು, ನಿಮಗೆ ನೆನಪಿರಬೇಕು. ಫೈಲುಗಳ ಚೀಲ, ಕರಿ ಕೋಟು, ನೀರಿನ ಬಾಟಲಿ ಹಿಡಿಯಲು ಒಬ್ಬರು ಬೇಕಾಗಿತ್ತು. ನಾನು ಬರುತ್ತೇನೆ ಎಂದೆ. ಅಂದುಬಿಟ್ಟ ಮೇಲೆ ಭಯವಾಯಿತು. ಜೈಲು, ಕೋರ್ಟು ಎಂದರೆ ನಾನು ಹೊರಗಿನಿಂದಲೂ ಕಂಡವಳಲ್ಲ.

ಶಾಲೆಯಲ್ಲಿ ನಿಮ್ಮನ್ನು ‘ಕಳ್ಳರ ಲಾಯರ್ ಮಕ್ಕಳು’ ಎಂದು ರೇಗಿಸಿದ್ದರಲ್ಲ, ಅಮ್ಮ ಯಾಕೆ ಅಂಥವರ ಕೆಲಸ ಮಾಡುತ್ತಾಳೆ ಎಂದು ನೀವು ಈ ಅಜ್ಜಿಯನ್ನು ಕೇಳಿದ್ದಿರಿ. ಆಗ ನನಗೆ ಹೇಳಲು ಬರಲಿಲ್ಲ. ಈಗಲೂ ಬಾಯಲ್ಲಿ ಬರುವುದಿಲ್ಲ. ಆ ಎರಡು ದಿನ ಕಂಡದ್ದನ್ನು ಬರೆದಿಡುತ್ತೇನೆ.

ಸರ್ಕಾರಿ ಬಸ್ಸು, ಹೆಂಗಸರಿಗೆ ದುಡ್ಡಿಲ್ಲ. ಕಂಡಕ್ಟರು ನಮ್ಮ ಆಧಾರ್ ಕಾರ್ಡು ನೋಡಿ ಸೊನ್ನೆ ಬರೆದ ಚೀಟಿ ಕೊಟ್ಟರು. ಮಂಚೇನಹಳ್ಳಿ ದಾಟುವವರೆಗೂ ಮಂಜು ಇತ್ತು. ದಾರಿಯಲ್ಲಿ ನಿಮ್ಮಮ್ಮ ನನಗೆ ವಿಷಯ ತಿಳಿಸಿದಳು. ಮುನಿರಾಜು ಎಂಬ ಹುಡುಗ, ಸಾದಲಿ ಕಡೆಯವನು, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ಕೂಲಿ ಮಾಡುತ್ತಿದ್ದ. ಬೋರ್‌ವೆಲ್ಲಿನ ಕೇಬಲ್ ಕದ್ದ ಎಂದು ಹೋದ ವರ್ಷ ಹಿಡಿದರು. ವಕೀಲರನ್ನು ಇಡುವ ಶಕ್ತಿ ಇರಲಿಲ್ಲ, ಹಾಗಾಗಿ ಕೇಸು ಕಾನೂನು ನೆರವಿನಿಂದ ನಿಮ್ಮಮ್ಮನಿಗೆ ಬಂತು. ಅವಳು ಜಾಮೀನು ಕೊಡಿಸಿದಳು. ಅದಾಗಿ ತಿಂಗಳ ಮೇಲಾಗಿದ್ದರೂ ಹುಡುಗ ಇನ್ನೂ ಒಳಗೇ ಇದ್ದ.

“ಜಾಮೀನು ಸಿಕ್ಕಿದ ಮೇಲೂ ಯಾಕೆ ಬಿಟ್ಟಿಲ್ಲ?” ಎಂದೆ.

“ಜಮೀನಿರೋರು ಒಬ್ರು ಜಡ್ಜ್ ಮುಂದೆ ನಿಂತು, ಇವನು ಕರೆದಾಗ ಬರ್ತಾನೆ, ಬರ್ದೇ ಇದ್ರೆ ನಾನು ಹೊಣೆ ಅಂತ ಸಹಿ ಹಾಕ್ಬೇಕಮ್ಮ. ಇವನಿಗೆ ಇರೋನು ಒಬ್ಬ ಅಣ್ಣ. ಅವನು ಫೋನೇ ಎತ್ತಲ್ಲ. ನಾಳೆಯಿಂದ ಕೋರ್ಟಿಗೆ ಸಾಲು ರಜೆ. ಇವತ್ತು ಆಗಲಿಲ್ಲ ಅಂದ್ರೆ ಮುಂದಿನ ವಾರದ ಮಾತು. ಆ ಹುಡುಗ ಊಟ ಬಿಟ್ಟಿದ್ದಾನೆ. ಕೆಮ್ಮಿದ್ರೆ ರಕ್ತ ಬೀಳ್ತಿದೆ.”

“ಕದ್ದಿದ್ದಾನಾ?”

“ಅದನ್ನ ಕೋರ್ಟು ಹೇಳ್ಬೇಕು. ಇನ್ನೂ ವಿಚಾರಣೆನೇ ಶುರುವಾಗಿಲ್ಲ” ಎಂದು ಕಿಟಕಿಯ ಕಡೆ ತಿರುಗಿದಳು.

ಚಿಕ್ಕಬಳ್ಳಾಪುರದಲ್ಲಿ ಇಳಿದು ಆಟೋದಲ್ಲಿ ಜೈಲಿಗೆ ಹೋದೆವು. ಅವಳು ಒಳಗೆ ಹೋದಳು. ನನ್ನನ್ನು ಬಿಡಲಿಲ್ಲ. ಗೇಟಿನ ಎದುರು ತಗಡಿನ ನೆರಳಿನಲ್ಲಿ ಕಾಯುವವರ ಬೆಂಚಿತ್ತು. ಅಲ್ಲಿ ಚಿಂತಾಮಣಿಯಿಂದ ಬಂದ ಒಬ್ಬ ಮುಸ್ಲಿಂ ಹೆಂಗಸು, ನನ್ನಷ್ಟೇ ವಯಸ್ಸು, ಮಗನಿಗೆಂದು ತಂದ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

“ನಿಮ್ಮೋರು ಯಾರಮ್ಮ ಒಳಗೆ?” ಎಂದರು.

“ಯಾರೂ ಇಲ್ಲ.”

“ಮೊದ್ಲನೇ ಸಲ ಎಲ್ರೂ ಹಂಗೇ ಅಂತಾರೆ. ನಾನೂ ನಮ್ಮ ಬೀದೀಲಿ, ಮಗ ದುಬೈಗೆ ಹೋಗವ್ನೆ ಅಂತ ಹೇಳಿವ್ನಿ.” ಆಮೇಲೆ ಬೆಂಚಿನ ಮೇಲೆ ಸರಿದು ಜಾಗ ಮಾಡಿ, “ಕೂತ್ಕಳಿ. ನಿಂತ್ರೆ ಬೇಗ ಬಿಡ್ತಾರಾ?” ಎಂದರು. ನಾನು ಅವರ ಪಕ್ಕ ಕುಳಿತೆ. ಮಗಳು ವಕೀಲಳು ಎಂದು ಹೇಳಬಹುದಿತ್ತು. ಹೇಳಲು ಮನಸ್ಸು ಬರಲಿಲ್ಲ.

ನಿಮ್ಮಮ್ಮ ಹೊರಗೆ ಬಂದಾಗ ಮುಖ ಗಂಟಿಕ್ಕಿಕೊಂಡಿತ್ತು. “ಅಣ್ಣ ಬರಲ್ಲ ಮೇಡಂ ಅಂತಾನೆ. ಇದು ಹುಳ ಹಣ್ಣಾಗೋ ವಾರ, ಸತ್ರೂ ಮನೆ ಬಿಟ್ಟು ಬರಲ್ಲ ಅಂತಾನೆ. ಏನಮ್ಮ ಹಂಗಂದ್ರೆ?”

ಅವಳಿಗೆ ಇದು ಗೊತ್ತಿಲ್ಲ. ಅವಳು ಹುಟ್ಟುವ ಹೊತ್ತಿಗೆ ನಾವು ಹಳ್ಳಿ ಬಿಟ್ಟಿದ್ದೆವು. ನನ್ನ ತವರು ಜಂಗಮಕೋಟೆ. ಮದುವೆಯಾಗುವವರೆಗೂ ನಾನು ಹುಳದ ಜೊತೆಯಲ್ಲೇ ಬೆಳೆದವಳು. ರೇಷ್ಮೆ ಹುಳ ಸೊಪ್ಪು ತಿಂದು ತಿಂದು ಕೊನೆಗೆ ತಿನ್ನುವುದನ್ನು ನಿಲ್ಲಿಸುತ್ತದೆ. ಮೈ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುತ್ತದೆ. ಅದೇ ಹಣ್ಣಾಗುವುದು. ಆಗ ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ, ಅಂದರೆ ಸುರುಳಿ ಹೆಣೆದ ತಟ್ಟಿಗೆ, ಬಿಡಬೇಕು. ಅರ್ಧ ದಿನ ಕೈ ತಡೆದರೂ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಗೂಡು ಹಾಳು. ಬೆಳೆ ಹೋದಂತೆಯೇ. ಇದನ್ನು ಹೇಳಿದೆ. ಅವಳು ಕೇಳಿಸಿಕೊಂಡು, “ಆದ್ರೂ ಹೋಗಣ” ಎಂದಳು.

ಶಿಡ್ಲಘಟ್ಟಕ್ಕೆ ಖಾಸಗಿ ಬಸ್ಸು, ಅಲ್ಲಿಂದ ಹಳ್ಳಿಗೆ ಹೋಗಿಬರಲು ಒಂದು ಆಟೋ. ಡ್ರೈವರು ಕೇಳಿದ ಬಾಡಿಗೆಗೆ ನಿಮ್ಮಮ್ಮ ಮರುಮಾತಾಡಲಿಲ್ಲ, ಅದರಲ್ಲೇ ಅವಳ ಆತುರ ತಿಳಿಯಿತು. ದಾರಿಯ ಎರಡೂ ಕಡೆ ಹಿಪ್ಪುನೇರಳೆ ತೋಟ, ಸೊಪ್ಪು ಕೊಯ್ದು ಬೋಳಾಗಿತ್ತು. ಬಿಸಿಲು ಏರಿತ್ತು. ಗಾಳಿ ಇರಲಿಲ್ಲ.

ಮನೆ ಊರಿನ ಅಂಚಿನಲ್ಲಿತ್ತು. ಪಕ್ಕದಲ್ಲಿ ಶೀಟು ಹಾಕಿದ ಉದ್ದನೆಯ ಹುಳದ ಮನೆ. ಅಣ್ಣ ನಾರಾಯಣಪ್ಪ ಬಾಗಿಲಿಗೆ ಬಂದು ನಿಂತ, ಒಳಗೆ ಕರೆಯಲಿಲ್ಲ. ಅವನ ಹೆಂಡತಿ ರತ್ನಮ್ಮ ಹಿಂದಿನಿಂದ ಇಣುಕಿದಳು. ಇಬ್ಬರ ಕಣ್ಣೂ ನಿದ್ದೆಗೆಟ್ಟು ಕೆಂಪಾಗಿದ್ದವು.

“ಮೇಡಂ, ಹುಳ ಹಣ್ಣಾಗ್ತಾ ಐತೆ. ನೋಡಿ, ಇರೋರು ನಾವಿಬ್ರೇ. ಕೂಲಿಗೆ ಕರೆದ್ರೆ ಯಾರೂ ಬರ್ತಿಲ್ಲ. ಎಲ್ರ ಮನೇಲೂ ಹಣ್ಣೇ” ಎಂದ ಅವನು.

“ಸಂಜೆಯೊಳಗೆ ವಾಪಸ್ ಕಳಿಸ್ತೀನಿ. ಪಹಣಿ, ಆಧಾರ್, ಫೋಟೋ ತಗೊಂಡು ಬನ್ನಿ ಸಾಕು.”

ರತ್ನಮ್ಮ ಗಂಡನಿಗೆ ತೆಲುಗಿನಲ್ಲಿ, “ಪೋವದ್ದು” ಎಂದಳು. ಹೋಗಬೇಡ ಎಂದು. ಆಮೇಲೆ ನಮಗೆ ಕೇಳುವ ಹಾಗೆ ಕನ್ನಡದಲ್ಲಿ ಹೇಳಿದಳು: “ಹೋದ ವರ್ಷ ಪೊಲೀಸ್ನೋರು ಅವನನ್ನ ಹುಡುಕ್ಕೊಂಡು ಬೂಟು ಹಾಕ್ಕೊಂಡು ಹುಳದ ಮನೆ ಒಳಕ್ಕೇ ಬಂದ್ರು. ಅದೇ ವಾರ ಅಷ್ಟೂ ಹುಳ ಕರಗಿ ನೀರಾಗೋಯ್ತು. ಅವನ ದೆಸೆಯಿಂದ ಒಂದು ಬೆಳೆ ಹೋಗಿದ್ದು ಸಾಕು ಕಣಮ್ಮ.”

“ಅವನು ಒಳಗೆ ಸತ್ರೆ?” ಎಂದಳು ನಿಮ್ಮಮ್ಮ. ಅವಳ ದನಿ ಏರಲಿಲ್ಲ.

ಹತ್ತು ಜನರ ಎದುರು ನಾನು ಬಾಯಿ ಬಿಟ್ಟವಳಲ್ಲ. ಆದರೆ ಅವರ ಹಿಂದೆ ತಟ್ಟೆಗಳಲ್ಲಿ ಹುಳ ತಲೆ ಎತ್ತಿ ಆಡಿಸುತ್ತಿರುವುದು ಕಾಣುತ್ತಿತ್ತು. ಕೈ ತಾನಾಗಿ ಸೀರೆ ಸೆರಗು ಸಿಕ್ಕಿಸಿತು. “ಅವರು ಹೋಗಿ ಬರ್ಲಿ. ನಾನು ಆರಿಸಿ ಬಿಡ್ತೀನಿ. ನಮ್ಮದು ಜಂಗಮಕೋಟೆ” ಎಂದೆ.

ರತ್ನಮ್ಮ ನನ್ನ ಬರಿ ಹಣೆಯನ್ನು ನೋಡಿದಳು. ಆಮೇಲೆ ಕೈಬೆರಳುಗಳನ್ನು ನೋಡಿದಳು. “ಎಲ್ಲಿಂದ ಬಂದ್ರಿ ಈಗ?” ಎಂದಳು. ಹುಳಕ್ಕೆ ರೋಗ ತಗಲುತ್ತದೆಂದು ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಸಾವಿನ ಮನೆಯಿಂದ ಬಂದವರನ್ನಂತೂ ಹತ್ತಿರಕ್ಕೂ ಸೇರಿಸುವುದಿಲ್ಲ. ಅದು ಗೊತ್ತಿದ್ದೂ ನಾನು ಸುಳ್ಳು ಹೇಳಲಾರದೆ, “ಜೈಲಿನ ಬಾಗಿಲಿಂದ” ಎಂದೆ.

ಅವಳು ಹಿಂತಿರುಗಿ ತಟ್ಟೆಗಳನ್ನು ನೋಡಿದಳು. ಒಳಗೆ ಹುಳ ಕಾಯುವುದಿಲ್ಲವಲ್ಲ. ಕೊನೆಗೆ, “ತಲೆಗೆ ನೀರು ಹಾಕ್ಕೊಂಡು ಬನ್ನಿ” ಎಂದು ಬಚ್ಚಲು ತೋರಿಸಿ, ತನ್ನದೇ ಒಂದು ಒಗೆದ ಸೀರೆ ಕೊಟ್ಟಳು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನಿಮ್ಮಮ್ಮ, ನಾರಾಯಣಪ್ಪ ಇಬ್ಬರನ್ನೂ ಕೂರಿಸಿಕೊಂಡು ಆಟೋ ಶಿಡ್ಲಘಟ್ಟದ ಕೋರ್ಟಿಗೆ ಹೊರಟಿತ್ತು.

ಬಾಗಿಲಲ್ಲಿ ಸುಣ್ಣ ತುಳಿದು ಒಳಗೆ ಹೋದೆ. ಸೊಪ್ಪು, ಸುಣ್ಣ, ಹುಳದ ಮೈ ಸೇರಿದ ಅದೇ ವಾಸನೆ. ಮಧ್ಯಾಹ್ನವೆಲ್ಲ ಇಬ್ಬರೂ ಆರಿಸಿದೆವು. ಹಣ್ಣಾದ ಹುಳ ಬೆರಳಿಗೆ ತಣ್ಣಗೆ, ಮೆತ್ತಗೆ ಇರುತ್ತದೆ, ಒತ್ತಬಾರದು. ಮೊದಮೊದಲು ರತ್ನಮ್ಮ ನಾನು ಬಿಟ್ಟ ಚಂದ್ರಿಕೆಯನ್ನು ಮತ್ತೆ ಬಂದು ನೋಡುತ್ತಿದ್ದಳು. ಆಮೇಲೆ ಬಿಟ್ಟಳು. ನಡುವೆ ನಿಂತೇ ರಾಗಿ ಮುದ್ದೆ, ಅವರೆಕಾಳಿನ ಸಾರು ತಿಂದೆವು.

“ನಿಮ್ಮ ಮಗಳಿಗೆ ಬೇರೆ ಕೇಸು ಸಿಗಲ್ವಾ?” ಎಂದಳು.

“ಇದೇ ಬೇಕು ಅಂತಾಳೆ.”

“ಹಟ” ಎಂದಳು. ಆಮೇಲೆ, “ಮುನಿ ಸಣ್ಣೋನಿದ್ದಾಗ ನಾನೇ ತಲೆಗೆ ಎಣ್ಣೆ ಹಚ್ತಿದ್ದೆ. ನಾನು ಮದುವೆಯಾಗಿ ಬಂದಾಗ ಅವನಿಗೆ ಚಡ್ಡಿ ಸಿಕ್ಕಿಸ್ಕಳಕ್ಕೂ ಬರ್ತಿರ್ಲಿಲ್ಲ” ಎಂದಳು. ಹುಳದ ಇನ್ನೊಂದು ತಟ್ಟೆ ಎಳೆದುಕೊಂಡಳು.

ನಾರಾಯಣಪ್ಪ ಒಬ್ಬನೇ ಸಾಯಂಕಾಲದ ಬಸ್ಸಿಗೆ ಬಂದ. ಸಹಿ ಆಗಿತ್ತು. ಆದರೆ ಬಿಡುಗಡೆಯ ಆದೇಶ ಚಿಕ್ಕಬಳ್ಳಾಪುರ ಮುಟ್ಟುವ ಹೊತ್ತಿಗೆ ಕೈದಿಗಳನ್ನು ಒಳಗೆ ಹಾಕಿ ಬೀಗ ಹಾಕಿದ್ದರಂತೆ. ನಿಮ್ಮಮ್ಮ ಪರಿಚಯದವರ ಮನೆಯಲ್ಲಿ ಉಳಿದಳು, ಬೆಳಿಗ್ಗೆ ಅವನನ್ನು ಬಿಡಿಸಿಕೊಂಡು ಬರುವುದೆಂದು. ನಾನು ಹಳ್ಳಿಯಲ್ಲೇ ಉಳಿದೆ.

ನಾರಾಯಣಪ್ಪನಿಗೆ ಊಟ ಸೇರಲಿಲ್ಲ. “ಜಡ್ಜು ಎರಡು ಸಲ ಕೇಳಿದ್ರು. ಅವನು ಓಡಿಹೋದ್ರೆ ನೀನು ಕಟ್ಟಬೇಕಾಗ್ತದೆ, ಗೊತ್ತೇನಪ್ಪಾ ಅಂತ. ಗೊತ್ತು ಸ್ವಾಮಿ ಅಂದೆ” ಎಂದ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಹೇಳಿದ.

ಮಾರನೆಯ ದಿನ ಮೋಡ ಕವಿದಿತ್ತು. ಚಂದ್ರಿಕೆಗಳಲ್ಲಿ ಹುಳ ಆಗಲೇ ತೆಳ್ಳಗೆ ನೂಲು ಸುತ್ತಿಕೊಂಡಿದ್ದವು. ಮಧ್ಯಾಹ್ನಕ್ಕೆ ಮುಂಚೆ ನಿಮ್ಮಮ್ಮ, ಆ ಹುಡುಗ ಇಬ್ಬರೂ ಬಸ್ಸಿಳಿದು ನಡೆದು ಬಂದರು. ನಾನು ಮುನಿರಾಜುವನ್ನು ಕಂಡದ್ದು ಆಗಲೇ. ಕಳ್ಳನೆಂದರೆ ಹೇಗಿರುತ್ತಾನೆಂದು ನನ್ನ ಮನಸ್ಸಿನಲ್ಲಿ ಏನೋ ಇತ್ತು. ಬಂದವನು ಹೆಗಲ ಮೂಳೆ ಅಂಗಿಯ ಮೇಲೆ ಎದ್ದು ಕಾಣುವ ಒಬ್ಬ ಹುಡುಗ. ಕೆಮ್ಮು ಬಂದಾಗಲೆಲ್ಲ ನಿಂತು, ಮುಗಿಸಿ, ಮತ್ತೆ ನಡೆಯುತ್ತಿದ್ದ.

ರತ್ನಮ್ಮ ಮನೆಯಿಂದ ಓಡಿ ಬೀದಿಯ ತಿರುವಿಗೆ ಹೋದಳು. ಅಪ್ಪಿಕೊಳ್ಳಲು ಎಂದುಕೊಂಡೆ. ಅವಳು ನಾಲ್ಕು ಮಾರು ದೂರದಲ್ಲೇ ನಿಂತು ಎರಡೂ ಕೈ ಅಡ್ಡ ಹಿಡಿದಳು.

“ಅಲ್ಲೇ ಇರಪ್ಪ ಮುನಿ. ಗೂಡು ಕಟ್ತಾ ಐತೆ. ಗೂಡು ಬಿಡಿಸೋಗಂಟ ತೋಟದಾಗೆ ಪಂಪ್‌ಮನೆಯಾಗಿರು. ಊಟ ಅಲ್ಲಿಗೇ ತತ್ತೀನಿ.”

ನಿಮ್ಮಮ್ಮ ಮುಂದೆ ಬಂದಳು. “ಅವನಿಗೆ ಹುಷಾರಿಲ್ಲ ಕಣ್ರೀ. ಮಲಗೋಕೆ ಜಾಗ ಬೇಕು, ಔಷಧಿ ಬೇಕು” ಎಂದಳು.

ಆಗ ನಾನು ರತ್ನಮ್ಮನಿಗೆ ಮೆಲ್ಲಗೆ, “ನಾನೂ ಜೈಲಿನ ಹತ್ರದಿಂದಲೇ ಬಂದೋಳು. ತಲೆಗೆ ನೀರು ಹಾಕ್ಕೊಂಡೆ, ನೀವು ಒಳಗೆ ಬಿಟ್ರಿ” ಎಂದೆ. ಆ ಮನೆಯವರ ಎದುರು ನಾನಾಗಿ ಆಡಿದ ಎರಡನೇ ಮಾತು ಅದು.

ಅವಳು ನನ್ನನ್ನು ನೋಡಿದಳು. ಕೋಪವಿರಲಿಲ್ಲ. “ನೀವು ಬಾಗಿಲಾಗೆ ನಿಂತಿದ್ರಿ. ಅವನು ಒಳಗಿದ್ದ” ಎಂದಳು. ಕಣ್ಣೀರು ಸುರಿಯುತ್ತಿತ್ತು, ಆದರೆ ಕೈ ಇಳಿಸಲಿಲ್ಲ.

ಇದಕ್ಕೆ ನಿಮ್ಮಮ್ಮನ ಕಾನೂನಿನಲ್ಲಿ ಉತ್ತರವಿತ್ತೋ ಏನೋ, ಅವಳು ಬಾಯಿ ತೆರೆಯುವುದರೊಳಗೆ ಮುನಿರಾಜು, “ಇರ್ಲಿ ಬಿಡಿ ಮೇಡಂ. ಅತ್ತಿಗೆ, ನಾನೇ ಬರಲ್ಲ” ಎಂದು ತೋಟದ ಕಡೆ ತಿರುಗಿದ.

ಪಂಪ್‌ಮನೆ ರಸ್ತೆ ಬದಿಯಲ್ಲೇ ಇತ್ತು. ಒಂದು ಮಂಚ ಹಿಡಿಸುವಷ್ಟು ಕೋಣೆ, ಕಿಟಕಿ ಇಲ್ಲ. ನಾರಾಯಣಪ್ಪ ಮಂಚ, ಕಂಬಳಿ, ಬಿಂದಿಗೆ ತಂದಿಟ್ಟ. ನಿಮ್ಮಮ್ಮ ಮಾತ್ರೆಗಳನ್ನು ಕೊಟ್ಟು, ರಜೆ ಮುಗಿದ ದಿನವೇ ಅವನನ್ನು ಶಿಡ್ಲಘಟ್ಟದ ಆಸ್ಪತ್ರೆಗೆ ಕರೆದುಕೊಂಡು ಬರಬೇಕೆಂದು ಹೇಳಿ, ಮುಂದಿನ ವಾಯಿದೆಯ ದಿನವನ್ನು ಅಣ್ಣತಮ್ಮ ಇಬ್ಬರ ಬಾಯಲ್ಲೂ ಹೇಳಿಸಿದಳು. ಆಮೇಲೆ ನಾರಾಯಣಪ್ಪ ಅವಳನ್ನು ಪಕ್ಕಕ್ಕೆ ಕರೆದ. ನಾನು ಹತ್ತಿರವೇ ಇದ್ದೆ.

“ಮೇಡಂ, ಕತ್ತಲಾದ್ಮೇಲೆ ಹೊರಗಿಂದ ಬೀಗ ಹಾಕ್ಕೊಂಡ್ರೆ ತಪ್ಪಾ?” ಎಂದ. ಕೈಯಲ್ಲಿ ಪಂಪ್‌ಮನೆಯ ಬೀಗವಿತ್ತು. “ನನಗಿರೋದು ಈ ತೋಟ ಒಂದೇ. ಅವನು ಹೋಗ್ಬಿಟ್ರೆ...”

ನಿಮ್ಮಮ್ಮ ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಎಡಗೈ ಚಾಚಿ, “ಕೊಡಿ ಅದನ್ನ” ಎಂದಳು. ಅವನು ಕೊಟ್ಟ. “ಕೀಲಿ?” ಎಂದಳು. ಅದನ್ನೂ ಕೊಟ್ಟ. ಎರಡನ್ನೂ ನಾನು ಹಿಡಿದಿದ್ದ ಚೀಲದಲ್ಲಿ, ಫೈಲುಗಳ ನಡುವೆ ಹಾಕಿದಳು. “ಅವನನ್ನ ಕೂಡಿಹಾಕೋ ಅಧಿಕಾರ ನಿಮಗಿಲ್ಲ ನಾರಾಯಣಪ್ಪ. ನೀವು ಜಾಮೀನುದಾರರು. ಅಣ್ಣ” ಎಂದಳು. ಅವನು ತಲೆಯಾಡಿಸಿದ. ಅವನಿಗೆ ಎಷ್ಟು ಅರ್ಥವಾಯಿತೋ ನನಗೆ ತಿಳಿಯದು. ಚೀಲ ಹೆಗಲಿಗೆ ಭಾರವಾಗಿತ್ತು.

ಶಿಡ್ಲಘಟ್ಟದ ಬಸ್ಸು ತೋಟದ ಎದುರೇ ನಿಂತಿತು. ರಸ್ತೆ ಏರುವುದರಿಂದ ಬಸ್ಸು ನಿಧಾನ ಹೋಯಿತು, ನಾನು ಹಿಂದಿನ ಕಿಟಕಿಯಿಂದ ನೋಡಿದೆ. ಹನಿ ಬೀಳಲು ಶುರುವಾಗಿತ್ತು. ಮುನಿರಾಜು ಮಂಚವನ್ನು ಪಂಪ್‌ಮನೆಯೊಳಗಿನಿಂದ ಎಳೆದು ಆಕಾಶದ ಕೆಳಗೆ ಹಾಕಿಕೊಂಡಿದ್ದ, ಅದರ ಮೇಲೆ ಬೆನ್ನು ಹಚ್ಚಿ ಮಲಗಿದ್ದ. ತೋಟದ ಆಚೆ ಬದುವಿನ ಮೇಲೆ ನಾರಾಯಣಪ್ಪ ಗೋಣಿಚೀಲ ತಲೆಗೆ ಹೊದ್ದು, ಹುಳದ ಮನೆಗೆ ಬೆನ್ನು ಹಾಕಿ, ತಮ್ಮನನ್ನೇ ನೋಡುತ್ತಾ ಕುಳಿತಿದ್ದ.